ಕಡೇ ಪಂಕ್ತಿಯವರು ಮತ್ತು ಒಂದು ದೆವ್ವದ ಸಿನಿಮಾ

ಈ ಲೇಖನಕ್ಕೆ ಕಾರಣವಾದದ್ದು ಒಂದು ನಗು. ಆ ನಗುವಿನಲ್ಲಿ ನನ್ನದೂ ಪಾಲಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಪಾಠ ಮಾಡುವ ಕಾಲೇಜಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ಒಂದು ಸಿನಿಮಾ ತೋರಿಸಿದೆ. ಜಾರ್ಜ್ ರೊಮೆರೊ ಎಂಬ ಅಮೆರಿಕದ ನಿರ್ದೇಶಕ 1968ರಲ್ಲಿ ತೆಗೆದ 'ನೈಟ್ ಆಫ್ ದಿ ಲಿವಿಂಗ್ ಡೆಡ್'. ಹೆಣಗಳು ಎದ್ದು ಬಂದು ಬದುಕಿರುವವರನ್ನು ತಿನ್ನುವ ಕತೆ. ಇವತ್ತು ಜಾಂಬಿ ಸಿನಿಮಾ ಅಂತ ಏನನ್ನು ಕರೆಯುತ್ತೇವೋ ಅದಕ್ಕೆಲ್ಲ ಇದೇ ತಾಯಿಬೇರು. ಕತೆಯನ್ನು ಯಾರು ಎಲ್ಲಿ ನಿಂತು ನೋಡುತ್ತಿದ್ದಾರೆ ಎಂಬ ಪಾಠಕ್ಕೆ ಉದಾಹರಣೆಯಾಗಲಿ ಎಂಬುದು ನನ್ನ ಉದ್ದೇಶ. ಅರ್ಧ ಸಿನಿಮಾ ದಾಟಿದ ಮೇಲೆ ಹೆಣಗಳು ಕತ್ತಲಲ್ಲಿ ಒಂದೊಂದಾಗಿ ಬಂದು ಮನೆಯ ಸುತ್ತ ನಿಲ್ಲುವ ದೃಶ್ಯ ಬಂತು. ಅವು ಮಾತಾಡುವುದಿಲ್ಲ. ಮೈಮೇಲೆ ಹರಕು ಬಟ್ಟೆ. ಕಣ್ಣೆಲ್ಲ ಮನೆಯ ಬಾಗಿಲ ಮೇಲೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಸಾರ್, ಕಡೇ ಪಂಕ್ತಿಯೋರು ಬಂದ್ರು" ಅಂದ. ಇಡೀ ಕ್ಲಾಸು ಗೊಳ್ಳೆಂದಿತು. ನಾನೂ ಅರ್ಧ ನಕ್ಕೆ.

ನಮ್ಮ ಸೀಮೆಯ ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಊರಿನವರ ಮದುವೆ, ತಿಥಿಗಳಲ್ಲಿ ಎಲ್ಲರ ಊಟ ಮುಗಿದ ಮೇಲೆ ಕೇರಿಯವರಿಗೆ ಒಂದು ಪಂಕ್ತಿ. ಚಪ್ಪರದ ಹೊರಗೆ ಹೊತ್ತು ಮುಳುಗುವವರೆಗೂ ಕಾದು ನಿಂತಿರುತ್ತಿದ್ದವರು, ಕೈಯಲ್ಲಿ ಪಾತ್ರೆ ಹಿಡಿದವರು, ಒಳಗಿಂದ ಯಾರಾದರೂ ಕರೆಯಲಿ ಅಂತ ಬಾಗಿಲು ನೋಡುತ್ತಿದ್ದವರು, ಅವರು ಕಡೇ ಪಂಕ್ತಿಯವರು. ನನ್ನ ಅವ್ವ ಹಾಗೆ ನಿಂತವಳು. ನಾನೂ ಐದಾರು ವರ್ಷದವನಿದ್ದಾಗ ಅವಳ ಸೆರಗು ಹಿಡಿದು ನಿಂತಿದ್ದ ನೆನಪಿದೆ. ಆದರೂ ನಕ್ಕೆ. ಯಾಕೆ ನಕ್ಕೆ ಅನ್ನುವುದಕ್ಕೆ ಉತ್ತರವಿದೆ. ನಗದಿದ್ದರೆ ಮೇಷ್ಟ್ರು ಯಾರು ಅಂತ ಕ್ಲಾಸಿಗೆ ಗೊತ್ತಾಗುತ್ತಿತ್ತು.

ಆ ಹುಡುಗನ ಮೇಲೆ ನನಗೀಗ ಸಿಟ್ಟಿಲ್ಲ. ಈ ಸಿನಿಮಾದ ಬಗ್ಗೆ ನಾನು ಓದಿದ ಎಷ್ಟೋ ವಿಮರ್ಶೆಗಳಿಗಿಂತ ಅವನ ಆ ಒಂದು ಮಾತು ಹೆಚ್ಚು ಖಚಿತವಾಗಿತ್ತು. ವಿದ್ವಾಂಸರು ಈ ಹೆಣಗಳನ್ನು ಅಣುಬಾಂಬಿನ ಭಯ, ವಿಯೆಟ್ನಾಂ ಯುದ್ಧದ ಪಾಪಪ್ರಜ್ಞೆ, ಗ್ರಾಹಕ ಸಮಾಜ ಎಂದೆಲ್ಲ ಓದಿದ್ದಾರೆ. ಹುಡುಗ ಅವುಗಳ ಗುರುತು ಹಿಡಿದ. ಹಸಿದವರು, ಹೊರಗೆ ನಿಂತವರು, ಒಳಗೆ ಬಂದರೆ ಮೈಲಿಗೆಯಾಗುವವರು. ಕ್ಯಾಮರಾ ಮನೆಯೊಳಗೆ ಇದ್ದಾಗ ಹೊರಗೆ ನಿಂತವರು ಹೇಗೆ ಕಾಣುತ್ತಾರೋ ಹಾಗೆಯೇ ಅವನಿಗೆ ಕಂಡರು. ಅವನು ಹುಟ್ಟಿದಂದಿನಿಂದ ಆ ಮನೆಯೊಳಗೇ ಇದ್ದಾನೆ.

ಸಿನಿಮಾದ ಕತೆ ಸರಳ. ಅಪ್ಪನ ಸಮಾಧಿಗೆ ಹೂವಿಡಲು ಬಂದ ಅಣ್ಣ ತಂಗಿಯ ಮೇಲೆ ಒಂದು ಹೆಣ ಬೀಳುತ್ತದೆ. ಅಣ್ಣ ಸಾಯುತ್ತಾನೆ. ತಂಗಿ ಬಾರ್ಬ್ರಾ ಓಡಿ ಒಂದು ತೋಟದ ಮನೆ ಹೊಕ್ಕುತ್ತಾಳೆ. ಹಿಂದೆಯೇ ಬೆನ್ ಎಂಬ ಕರಿಯ ಯುವಕ ಬರುತ್ತಾನೆ. ನೆಲಮಾಳಿಗೆಯಲ್ಲಿ ಮೊದಲೇ ಅವಿತುಕೊಂಡಿದ್ದ ಕೂಪರ್, ಅವನ ಹೆಂಡತಿ, ಕಡಿತಕ್ಕೆ ಸಿಕ್ಕಿ ಮಲಗಿರುವ ಮಗಳು, ಒಂದು ಪ್ರೇಮಿಗಳ ಜೋಡಿ. ಇಷ್ಟು ಜನ ಒಂದು ರಾತ್ರಿ ಆ ಮನೆಯಲ್ಲಿ ಕಳೆಯಬೇಕು. ಹೊರಗೆ ಹೆಣಗಳು ಹೆಚ್ಚುತ್ತಲೇ ಇರುತ್ತವೆ. ಬೆಳಗಾಗುವ ಹೊತ್ತಿಗೆ ಬೆನ್ ಒಬ್ಬ ಉಳಿಯುತ್ತಾನೆ. ಆಮೇಲೆ ಅವನೂ ಉಳಿಯುವುದಿಲ್ಲ.

ಸುಮಾರು 1,14,000 ಡಾಲರಿನಲ್ಲಿ, ಪಿಟ್ಸ್‌ಬರ್ಗ್ ಸುತ್ತಮುತ್ತ, ಗೆಳೆಯರು ದುಡ್ಡು ಹಾಕಿ, ತಾವೇ ಪಾತ್ರ ಮಾಡಿ ಕಪ್ಪು ಬಿಳುಪಿನಲ್ಲಿ ತೆಗೆದ ಸಿನಿಮಾ ಇದು. ಬಿಡುಗಡೆಗೆ ಮುಂಚೆ ಹೆಸರು ಬದಲಾಯಿಸುವಾಗ ಹಕ್ಕುಸ್ವಾಮ್ಯದ ಸೂಚನೆ ಬಿಟ್ಟುಹೋಯಿತು. ಹಾಗಾಗಿ ಇದು ಯಾರ ಆಸ್ತಿಯೂ ಅಲ್ಲ, ಯಾರು ಬೇಕಾದರೂ ತೋರಿಸಬಹುದು. (ನನ್ನಂಥ ಅತಿಥಿ ಉಪನ್ಯಾಸಕ ಇದನ್ನೇ ಆರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ.) ಬೆನ್ ಪಾತ್ರಕ್ಕೆ ಬಂದ ಡ್ವೇನ್ ಜೋನ್ಸ್ ಎಲ್ಲರಿಗಿಂತ ಚೆನ್ನಾಗಿ ಮಾಡಿದ, ಅದಕ್ಕೇ ತಗೊಂಡೆವು, ಚಿತ್ರಕಥೆಯಲ್ಲಿ ಬೆನ್‌ನ ಬಣ್ಣದ ಮಾತೇ ಇರಲಿಲ್ಲ ಎಂದು ರೊಮೆರೊ ಕಡೆಯವರೆಗೂ ಹೇಳಿದ. ಜೋನ್ಸ್ ಓದಿದವನು, ಆಮೇಲೆ ಕಾಲೇಜುಗಳಲ್ಲಿ ಸಾಹಿತ್ಯ, ರಂಗಭೂಮಿ ಕಲಿಸಿದವನು. ಒರಟು ಲಾರಿ ಡ್ರೈವರ್‌ಗೆಂದು ಬರೆದಿದ್ದ ಮಾತುಗಳನ್ನು ತಿದ್ದಿ ಅವನಿಗೊಂದು ಘನತೆ ತಂದುಕೊಟ್ಟವನು. 1988ರಲ್ಲಿ ತೀರಿಕೊಂಡ.

ಬಣ್ಣದ ಮಾತೇ ಇರಲಿಲ್ಲ ಎಂಬ ಈ ಸಮಜಾಯಿಷಿ ನನಗೆ ಬಹಳ ಪರಿಚಿತ. ನಾವು ಜಾತಿ ನೋಡಿ ಬರೆಯಲಿಲ್ಲ, ಮನುಷ್ಯನನ್ನು ನೋಡಿ ಬರೆದೆವು ಎಂದು ಕನ್ನಡದ ನವ್ಯರೂ ಹೇಳಿದರು. ಅದು ನಿಜವಿರಬಹುದು. ಆದರೆ ಬರೆದವನು ನೋಡದೆ ಬಿಟ್ಟದ್ದನ್ನು ಓದುವವನು ನೋಡಬಾರದೆಂದೇನೂ ಇಲ್ಲವಲ್ಲ.

ಹೀಗೆ ಅಂದುಕೊಂಡಿದ್ದಾಗಲೇ ಮುಡುಕುತೊರೆ ಜಾತ್ರೆ ಬಂತು. ನಮ್ಮೂರು ಮಲ್ಲಿಕಾರ್ಜುನನ ಬೆಟ್ಟ ಕಣ್ಣಿಗೆ ಬೀಳುವಷ್ಟು ದೂರದ ಒಂದು ಹಳ್ಳಿ. ಹೆಸರು ಬೇಡ. ಮಾಘದಲ್ಲಿ ಕಾವೇರಿ ದಂಡೆಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಅಪ್ಪ ಹುಡುಗನಾಗಿದ್ದಾಗ ಜಾತ್ರೆಯ ಟೆಂಟಿನಲ್ಲಿ ಸಿನಿಮಾ ನೋಡುತ್ತಿದ್ದನಂತೆ, ಈಗ ಎಲ್ಲರ ಕೈಯಲ್ಲೂ ಫೋನು. ಜಾತ್ರೆ ಮುಗಿಸಿ ಬಂದ ರಾತ್ರಿ ಲ್ಯಾಪ್‌ಟಾಪನ್ನು ಭತ್ತದ ಮೂಟೆ ಮೇಲಿಟ್ಟು ಅವ್ವ, ಚಿಕ್ಕಪ್ಪ, ಚಿಕ್ಕಪ್ಪನ ಇಬ್ಬರು ಹೆಣ್ಣುಮಕ್ಕಳಿಗೆ ಅದೇ ಸಿನಿಮಾ ಹಾಕಿದೆ. ಇಂಗ್ಲಿಷಿನ ಮಾತುಗಳನ್ನು ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಹೆದರುತ್ತಾರೆ ಅಂದುಕೊಂಡಿದ್ದೆ.

ಅವ್ವ ಕೇಳಿದ ಮೊದಲ ಪ್ರಶ್ನೆ, "ಆ ಮನ ಯಾರ್ದು ಮಗ?" ನಾಲ್ಕು ಸಲ ಸಿನಿಮಾ ನೋಡಿದ್ದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಆ ಮನೆ ಒಬ್ಬ ಮುದುಕಿಯದು. ಅವಳ ತಿಂದು ಬಿಟ್ಟ ಹೆಣ ಮಹಡಿಯ ಮೇಲೆ ಬಿದ್ದಿದೆ. ಒಳಗಿರುವವರಲ್ಲಿ ಒಬ್ಬರಿಗೂ ಅವಳ ಹೆಸರು ಬೇಕಾಗಿಲ್ಲ. ಅವಳ ಹೆಣವನ್ನು ಕಂಬಳಿಯ ಮೇಲೆ ಎಳೆದು ಮರೆಗೆ ಸರಿಸುವವನು ಬೆನ್. ಮನೆಯೊಳಗೆ ನುಗ್ಗಿದ ಹೆಣಗಳನ್ನು ಹೊಡೆದು, ಹೊರಗೆಳೆದು, ಬೆಂಕಿ ಇಡುವವನೂ ಅವನೇ. ಚಿಕ್ಕಪ್ಪ ತಕ್ಷಣ ಅಂದ, "ನೋಡ್ದಾ, ಹೆಣ ಎಳಿಯಾ ಕೆಲ್ಸ ಅವ್ನ್ಗೇ ಬಂತು."

ಚಿಕ್ಕಪ್ಪನ ಈ ಮಾತಿಗೆ ಒಂದು ಚರಿತ್ರೆಯಿದೆ. ಅವನು ಊರಿನವರಿಗೆ ಗುಂಡಿ ತೋಡುವವನು. ನನ್ನ ತಾತ ಸಾವಿನ ಸುದ್ದಿ ಒಯ್ಯುವವನಾಗಿದ್ದ. ಊರಿನಲ್ಲಿ ಯಾರೇ ಸತ್ತರೂ ನಡುರಾತ್ರಿಯಲ್ಲಿ ಹರಿಗೋಲು ಹತ್ತಿ ಕಾವೇರಿ ದಾಟಿ ನೆಂಟರಿಷ್ಟರ ಊರುಗಳಿಗೆ ಹೋಗಿ, ಅವರ ಬಾಗಿಲ ಹೊರಗೆ ನಿಂತು ಕೂಗಿ ಹೇಳಿ ಬರಬೇಕಿತ್ತು. ತಮಟೆ ನಮ್ಮದು, ಚಟ್ಟದ ಬಿದಿರು ಕಡಿಯುವುದು ನಮ್ಮದು. ಸತ್ತವರೊಡನೆ ಒಡನಾಟ ನಮಗೆ ಚಾಕರಿ. ಸತ್ತವರ ಭಯ ಎಂಬುದು ಅವರನ್ನು ಮುಟ್ಟಬೇಕಾಗಿಲ್ಲದವರಿಗೆ ಮಾತ್ರ ಸಿಗುವ ಒಂದು ಅನುಕೂಲ. ಚಿತ್ರಕಥೆಯಲ್ಲಿ ಬಣ್ಣದ ಮಾತು ಇರಲಿಲ್ಲ ಎಂದು ರೊಮೆರೊ ಹೇಳಬಹುದು. ಹೆಣ ಎಳೆಯುವ ಕೆಲಸ ಮಾತ್ರ ತನ್ನ ದಾರಿ ತಾನೇ ಹುಡುಕಿಕೊಂಡು ಬಂದಿದೆ. ಕೂಪರ್ ಇಡೀ ಸಿನಿಮಾದಲ್ಲಿ ಒಂದು ಹೆಣವನ್ನೂ ಎಳೆಯುವುದಿಲ್ಲ.

ಸಿನಿಮಾದ ಅತ್ಯಂತ ಕುಖ್ಯಾತ ದೃಶ್ಯ ಇನ್ನೊಂದಿದೆ. ಪ್ರೇಮಿಗಳು ಲಾರಿಗೆ ಪೆಟ್ರೋಲ್ ತುಂಬಲು ಹೋಗಿ ಬೆಂಕಿಗೆ ಸಿಕ್ಕುತ್ತಾರೆ. ಹೆಣಗಳು ಬಂದು ಅವರ ಕೈ, ಕರುಳು ತಿನ್ನುತ್ತವೆ. ಬಿಡುಗಡೆಯಾದಾಗ ಮಕ್ಕಳು ಥಿಯೇಟರಿನಲ್ಲಿ ಅತ್ತದ್ದನ್ನು ರೋಜರ್ ಎಬರ್ಟ್ ಎಂಬ ವಿಮರ್ಶಕ ಬರೆದಿದ್ದಾನೆ. ನನ್ನ ಕ್ಲಾಸಿನಲ್ಲೂ ಹುಡುಗಿಯರು ಮುಖ ಮುಚ್ಚಿಕೊಂಡರು. ಒಬ್ಬಳು ಎದ್ದು ಹೊರಗೆ ಹೋದಳು. ನಮ್ಮ ಮನೆಯಲ್ಲಿ ಏನಾಯಿತೆಂದರೆ, ಚಿಕ್ಕಪ್ಪ ಮುಂದಕ್ಕೆ ಬಾಗಿ ನೋಡಿ, "ಬೋಟಿ ಕಲಾ ಅದು! ತೊಳುದ್ಕೂಡ ಇಲ್ಲ" ಅಂದ. ಹೆಣ್ಣುಮಕ್ಕಳು ಬಿದ್ದು ಬಿದ್ದು ನಕ್ಕವು. ಚಿಕ್ಕಪ್ಪನ ಕಣ್ಣು ಸುಳ್ಳಾಡಲಿಲ್ಲ. ಚಿತ್ರಕ್ಕೆ ದುಡ್ಡು ಹಾಕಿದ್ದವರಲ್ಲಿ ಒಬ್ಬ ಮಾಂಸದ ಅಂಗಡಿಯವನಿದ್ದ, ಆ ಕರುಳೆಲ್ಲ ಅವನ ಅಂಗಡಿಯದು. ರಕ್ತವೆಂದು ಬಳಸಿದ್ದು ಚಾಕೊಲೇಟ್ ಪಾಕ.

ಇದನ್ನು ತಮಾಷೆಗೆ ಹೇಳುತ್ತಿಲ್ಲ. ಭಯಾನಕ ರಸ, ಬೀಭತ್ಸ ರಸ ಅಂತ ನಮ್ಮ ಕಾವ್ಯಮೀಮಾಂಸೆಯಲ್ಲಿ ಪಾಠ ಮಾಡುತ್ತೇವೆ. ಬೀಭತ್ಸಕ್ಕೆ ಜುಗುಪ್ಸೆ ಸ್ಥಾಯಿಭಾವ. ಯಾರ ಜುಗುಪ್ಸೆ? ಕರುಳನ್ನು ಕಂಡರೆ ಹೇಸುವ ಸಹೃದಯ ಒಬ್ಬನಿದ್ದಾನೆ, ಕರುಳನ್ನು ತೊಳೆದು, ಹೆಚ್ಚಿ, ಒಲೆಯ ಮೇಲಿಟ್ಟು ಮಕ್ಕಳಿಗೆ ಬಡಿಸಿದ ಸಹೃದಯಳೂ ಇದ್ದಾಳೆ. ಶಾಸ್ತ್ರ ಮೊದಲನೆಯವನನ್ನು ಮಾತ್ರ ಎಣಿಕೆಗೆ ತೆಗೆದುಕೊಂಡಿದೆ. 'ಸತ್ತದ್ದನ್ನ ತಿನ್ನೋರು' ಎಂಬುದು ನಮ್ಮ ಹಿರಿಯರ ಮೇಲೆ ಬಿದ್ದ ಬೈಗುಳ. ಸತ್ತ ದನದ ಮಾಂಸ ಬಿಡಿ ಎಂದು ಅಂಬೇಡ್ಕರ್ 1927ರಲ್ಲಿ ಮಹಾಡ್‌ನಲ್ಲಿ ಕರೆಕೊಟ್ಟಾಗ ಅವರ ಮುಂದಿದ್ದದ್ದು ಈ ಬೈಗುಳವೂ ಹೌದು. ರೊಮೆರೊನ ಸಿನಿಮಾ ಆ ಮಾತನ್ನೇ ತಿರುವಿ ಹಾಕಿ, ತಿನ್ನುವ ಸತ್ತವರನ್ನು ತಂದು ನಿಲ್ಲಿಸಿದೆ. ತಿನ್ನುವ ಬಾಯಿಯನ್ನು ಕಂಡರೇ ಅಸಹ್ಯವಾಗಬೇಕು ಎಂಬ ನಿಯಮ ಮಾತ್ರ ಬದಲಾಗಿಲ್ಲ.

ಹೆಣವೊಂದು ಮನೆಗಳನ್ನು ಮುತ್ತಿಗೆ ಹಾಕಿದ ಕತೆ ಕನ್ನಡಕ್ಕೆ ಹೊಸದಲ್ಲ. ಅನಂತಮೂರ್ತಿಯವರ 'ಸಂಸ್ಕಾರ' (1965) ಇನ್ನೇನು? ನಾರಣಪ್ಪನ ಹೆಣ ಕೊಳೆಯುತ್ತಿದೆ. ಯಾರೂ ಮುಟ್ಟುವಂತಿಲ್ಲ. ಅದನ್ನು ಸಾಗಿಸುವವರೆಗೆ ಅಗ್ರಹಾರದವರು ಉಣ್ಣುವಂತಿಲ್ಲ. ರೊಮೆರೊನ ಹೆಣಗಳು ನಡೆಯಬೇಕಾಯಿತು, ಅಗ್ರಹಾರವನ್ನು ದಿಗ್ಬಂಧನದಲ್ಲಿಡಲು ನಾರಣಪ್ಪನ ಹೆಣ ಅಲುಗಾಡುವ ಅಗತ್ಯವೂ ಬೀಳಲಿಲ್ಲ. ಆದರೆ ಅದೇ ಕಾದಂಬರಿಯಲ್ಲಿ ಬೆಳ್ಳಿಯ ಅಪ್ಪ ಅಮ್ಮ ರೋಗದಿಂದ ಸಾಯುತ್ತಾರೆ, ಗುಡಿಸಲಿನ ಸಮೇತ ಹೆಣಗಳನ್ನು ಸುಡುತ್ತಾರೆ. ಅಲ್ಲಿ ಯಾವ ಧರ್ಮಜಿಜ್ಞಾಸೆಯೂ ಏಳುವುದಿಲ್ಲ. ಪ್ರಾಣೇಶಾಚಾರ್ಯರ ದ್ವಂದ್ವದ ಬಗ್ಗೆ ಕನ್ನಡ ವಿಮರ್ಶೆ ಎಷ್ಟು ಪುಟ ಬರೆದಿದೆ, ಬೆಳ್ಳಿಯ ಗುಡಿಸಲ ಬಗ್ಗೆ ಎಷ್ಟು ಬರೆದಿದೆ, ಲೆಕ್ಕ ಹಾಕಿ ನೋಡಬಹುದು. ಕಾದಂಬರಿಕಾರರಿಗೆ ಆ ಗುಡಿಸಲು ಕಂಡಿತ್ತು, ವಿಮರ್ಶಕರಿಗೆ ಕಾಣಲಿಲ್ಲ ಎಂಬುದೇ ನನ್ನ ತಕರಾರು.

ಜಾಂಬಿಯ ಹುಟ್ಟೂರನ್ನೂ ಒಮ್ಮೆ ನೋಡಬೇಕು. ಅದು ಹೈಟಿ. ಫ್ರೆಂಚರ ಕಬ್ಬಿನ ತೋಟಗಳಲ್ಲಿ ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ದುಡಿದು ಸಾಯುತ್ತಿದ್ದ ನಾಡು. 1791ರಲ್ಲಿ ಅವರು ಬಂಡೆದ್ದು 1804ರಲ್ಲಿ ಸ್ವತಂತ್ರರಾದರು. ಅಲ್ಲಿನ ಜನರ ನಂಬಿಕೆಯಲ್ಲಿ ಜಾಂಬಿ ಯಾರನ್ನೂ ತಿನ್ನುವುದಿಲ್ಲ. ಮಂತ್ರವಾದಿಯೊಬ್ಬ ಸತ್ತವನನ್ನು ಎಬ್ಬಿಸಿ ಹೊಲದಲ್ಲಿ ದುಡಿಸುತ್ತಾನೆ, ಅಷ್ಟೆ. ಸತ್ತ ಮೇಲಾದರೂ ಬಿಡುಗಡೆ ಇದೆ ಎಂದುಕೊಂಡವನಿಗೆ ಸಾವಿನಲ್ಲೂ ಬಿಡುಗಡೆ ಇಲ್ಲ. ಹೈಟಿಯವರ ಭಯ ಜಾಂಬಿ ಬಂದೀತೆಂದಲ್ಲ, ತಾನು ಜಾಂಬಿಯಾದೇನೆಂದು.

ಇದನ್ನು ಓದಿದಾಗ ನನಗೆ ನೆನಪಾದದ್ದು ಜೀತ. ತಾತನ ಅಪ್ಪ ಮಾಡಿದ ಭತ್ತದ ಸಾಲಕ್ಕೆ ತಾತ ದುಡಿದ. ಸಾಲ ಮಾಡಿದವನು ಸತ್ತು ಮಣ್ಣಾಗಿದ್ದ. ಅವನ ಸಾಲ ಮಾತ್ರ ಎದ್ದು ನಡೆಯುತ್ತಿತ್ತು. ಜೀತಪದ್ಧತಿ ರದ್ದಿಯ ಕಾನೂನು ಬಂದದ್ದು 1976ರಲ್ಲಿ, ಅಲ್ಲಿಯವರೆಗೆ ತಾತ ಊರಿನಲ್ಲಿ ಒಂದು ನಡೆದಾಡುವ ಹೆಣ. ನಮ್ಮ ಕಡೆ 'ಜೀವಚ್ಛವ' ಎಂಬ ಮಾತನ್ನು ಯಾರೂ ರೂಪಕವಾಗಿ ಬಳಸುವುದಿಲ್ಲ.

ಹೈಟಿಯ ಕತೆಗಳಲ್ಲಿ ಇನ್ನೊಂದು ಸಂಗತಿ ಇದೆ. 1929ರಲ್ಲಿ ಸೀಬ್ರುಕ್ ಎಂಬ ಪ್ರವಾಸಿ ಬರೆದ 'ದಿ ಮ್ಯಾಜಿಕ್ ಐಲೆಂಡ್' ಎಂಬ ಪುಸ್ತಕದಲ್ಲಿ ಅದು ಬರುತ್ತದೆ. ಜಾಂಬಿಗೆ ಉಪ್ಪು ತಿನ್ನಿಸಬಾರದು. ಯಜಮಾನನ ಹೆಂಡತಿ ಕನಿಕರಪಟ್ಟು ಕೊಡಿಸಿದ ಮಿಠಾಯಿಯಲ್ಲಿ ಉಪ್ಪಿನಂಶವಿತ್ತು. ತಿಂದೊಡನೆ ಜಾಂಬಿಗಳಿಗೆ ತಾವು ಸತ್ತವರೆಂಬ ಅರಿವಾಯಿತು. ಯಾರ ಮಾತೂ ಕೇಳದೆ ನೆಟ್ಟಗೆ ತಮ್ಮ ತಮ್ಮ ಸಮಾಧಿಯ ಕಡೆಗೆ ನಡೆದವು. ಅಲ್ಲಿ ಉಪ್ಪು ಗುಲಾಮನನ್ನು ಎಚ್ಚರಿಸುತ್ತದೆ. ನಮ್ಮಲ್ಲಿ? ಉಪ್ಪಿನ ಋಣ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎಂದು ತಾತನಿಗೆ ಯಜಮಾನನ ಮನೆಯವರು ಹೇಳಿದರು, ತಾತ ಅಪ್ಪನಿಗೆ ಹೇಳಿದ. ಹೈಟಿಯಲ್ಲಿ ಬಿಡುಗಡೆ ಕೊಡುವ ಪದಾರ್ಥವನ್ನೇ ನಾವು ಸಂಕೋಲೆ ಮಾಡಿಕೊಂಡಿದ್ದೇವೆ. ನಮ್ಮ ಗಾದೆಗಳನ್ನು ಜನಪದರ ವಿವೇಕ ಎಂದು ಹೊಗಳುವವರು ಇದನ್ನೊಂದು ಯೋಚಿಸಬೇಕು. ಈ ಗಾದೆ ಯಾವ ಜನಪದರದ್ದು?

ರೊಮೆರೊ ತನ್ನ ಹೆಣಗಳನ್ನು ಜಾಂಬಿ ಎಂದು ಕರೆಯಲಿಲ್ಲ, ಆ ಪದ ಸಿನಿಮಾದಲ್ಲಿ ಒಮ್ಮೆಯೂ ಬರುವುದಿಲ್ಲ. ಜನ ಆಮೇಲೆ ಕರೆದರು. 1932ರ 'ವೈಟ್ ಜಾಂಬಿ' ಸಿನಿಮಾದಲ್ಲಿ ಸಕ್ಕರೆ ಕಾರ್ಖಾನೆಯ ಗಾಣ ತಿರುಗಿಸುವ ಜಾಂಬಿಗಳಿದ್ದರು, ಅವರನ್ನು ದುಡಿಸುವ ಯಜಮಾನನೂ ಇದ್ದ. 1968ಕ್ಕೆ ಬರುವಷ್ಟರಲ್ಲಿ ಯಜಮಾನ ಮಾಯವಾಗಿದ್ದಾನೆ. ಶುಕ್ರಗ್ರಹಕ್ಕೆ ಹೋಗಿದ್ದ ಉಪಗ್ರಹದ ವಿಕಿರಣವಿರಬಹುದು ಎಂದು ಟೀವಿಯವರು ಏನೋ ಹೇಳುತ್ತಾರೆ. ಕೆಲಸ ಹೋಯಿತು, ಹಸಿವು ಉಳಿಯಿತು. ಗುಲಾಮನೊಳಗಿದ್ದ ಭಯ ಹೀಗೆ ಗುಲಾಮನನ್ನು ಕಂಡರೆ ಆಗುವ ಭಯವಾಗಿ ಹೋಯಿತು. ಹುಡುಗನ ಬಾಯಿಂದ ಕಡೇ ಪಂಕ್ತಿಯ ಮಾತು ಬಂದದ್ದು ಇಲ್ಲಿಂದಲೇ ಎಂದು ನನಗನ್ನಿಸುತ್ತದೆ.

ಇನ್ನು ಬಾಗಿಲು. ಹೊರಗೆ ಹೋದ ಬೆನ್ ಓಡಿ ವಾಪಸು 'ತನ್ನದೇ' ಮನೆಗೆ ಬಂದರೆ ಕೂಪರ್ ಬಾಗಿಲು ತೆಗೆಯುವುದಿಲ್ಲ. ಬಾಗಿಲಿಗೆಲ್ಲ ಹಲಗೆ ಹೊಡೆದು ಮನೆಯನ್ನು ಭದ್ರ ಮಾಡಿದವನು ಬೆನ್, ಅವನನ್ನೇ ಹೊರಗೆ ನಿಲ್ಲಿಸುತ್ತಾನೆ. ಬಾಡಿಗೆ ಮನೆ ಹುಡುಕಿಕೊಂಡು ಅಲೆದ ದಲಿತ ಮೇಷ್ಟ್ರಿಗೆ ಈ ದೃಶ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಾನು ಕೆಲಸಕ್ಕೆ ಸೇರಿದ ಊರಿನಲ್ಲಿ ಮೂರು ಮನೆಗಳಲ್ಲಿ "ನೀವು ಯಾವ ಜನ?" ಎಂಬ ಪ್ರಶ್ನೆಯಾದ ಮೇಲೆ ಮನೆ 'ನಿನ್ನೆ ತಾನೇ' ಬಾಡಿಗೆಗೆ ಹೋಗಿತ್ತು.

ಬಾಗಿಲೆಂದಾಗ 'ನಾಳೆ ಬಾ' ಕತೆಯನ್ನೂ ಬಿಡುವಂತಿಲ್ಲ. 1990ರ ದಶಕದಲ್ಲಿ ಕರ್ನಾಟಕದ ಊರೂರಲ್ಲಿ ರಾತ್ರಿ ಬಾಗಿಲು ಬಡಿಯುವ ದೆವ್ವದ ಸುದ್ದಿ ಹಬ್ಬಿ, ಜನ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದುಕೊಂಡರು. ದೆವ್ವ ಬಂದು, ಓದಿ, ಹೊರಟುಹೋಗುತ್ತಿತ್ತಂತೆ. ಅಕ್ಷರ ಕಲಿತ, ವಿಧೇಯ ದೆವ್ವ. ನಮ್ಮ ಮನೆಗೆ ಆಗ ಬಾಗಿಲಿರಲಿಲ್ಲ, ತಟ್ಟಿ ಇತ್ತು, ಬರೆಯುವುದಕ್ಕೆ ಜಾಗವೇ ಇರಲಿಲ್ಲ ಅಂತ ಅಪ್ಪ ಹೇಳುತ್ತಿದ್ದ. ಕಚೇರಿಗಳಲ್ಲಿ ಅಪ್ಪನಿಗೆ ಜೀವಮಾನವಿಡೀ ಹೇಳಿದ್ದೂ ಅದೇ ಎರಡು ಪದ. ಅಪ್ಪನೂ ಆ ದೆವ್ವದ ಹಾಗೆಯೇ ತಿರುಗಿ ಬರುತ್ತಿದ್ದ.

ಹಾಗಾದರೆ ಹೊರಗೆ ನಿಂತವನ ಕಡೆಯಿಂದ ಹೇಳಿದ ಕತೆ ಇಲ್ಲವೇ? ಇದೆ, ನಮ್ಮ ಮಗ್ಗುಲಲ್ಲೇ ಇದೆ. ಮಂಟೇಸ್ವಾಮಿ ಕಲ್ಯಾಣಕ್ಕೆ ಹೋದ ಕತೆ. ಗದ್ದುಗೆ ಇರುವ ಬೊಪ್ಪೇಗೌಡನಪುರ ನಮಗೆ ದೂರವೇನಲ್ಲ. ತಂಬೂರಿ, ಡಿಕ್ಕಿ, ತಾಳ ಹಿಡಿದು ನೀಲಗಾರರು ನಮ್ಮ ಕೇರಿಯಲ್ಲಿ ರಾತ್ರಿಯಿಡೀ ಹಾಡಿದ್ದನ್ನು ಕೇಳಿ ಬೆಳೆದವನು ನಾನು. ಬಸವಣ್ಣ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ದಾಸೋಹ ಮಾಡಿಸುತ್ತಿದ್ದಾನೆ. ಅವರಲ್ಲಿ ನಿಜವಾದವರೆಷ್ಟು ಎಂದು ಪರೀಕ್ಷೆ ಮಾಡಲು ಮಂಟೇದ ಲಿಂಗಯ್ಯ ಹೊರಟ. ಹೇಗೆ ಹೊರಟ? ಮೈತುಂಬ ಹುಣ್ಣು, ಕೀವು, ನೊಣ, ಜೊತೆಗೆ ಸತ್ತ ಕರು. ಅವನು ಬರುವ ದಾರಿಯುದ್ದಕ್ಕೂ ನಾತ. ಒಳಗೆ ಪಂಕ್ತಿ ನಡೆಯುತ್ತಿದೆ. ಜಂಗಮರು ಮೂಗು ಮುಚ್ಚಿಕೊಂಡು, ಒಳಗೆ ಬಿಡಬೇಡಿ, ಹೊಡೆದು ಓಡಿಸಿ ಎನ್ನುತ್ತಾರೆ.

ಕೊಳೆತ ಮೈ, ಹೊರಬಾಗಿಲು, ಒಳಗೆ ಅನ್ನ, ಬಾಗಿಲು ಮುಚ್ಚುವವರು. ರೊಮೆರೊನ ಸಿನಿಮಾದ ಎಲ್ಲ ಸಾಮಗ್ರಿಯೂ ಇಲ್ಲಿದೆ. ಆದರೆ ನೀಲಗಾರ ಹಾಡುವಾಗ ಕೇಳುವ ನಾವು ಎಲ್ಲಿ ನಿಂತಿರುತ್ತೇವೆ? ಬಾಗಿಲ ಹೊರಗೆ, ನಾರುವವನ ಪಕ್ಕದಲ್ಲಿ. ಒಳಗಿರುವವರು ಮೂಗು ಮುಚ್ಚಿಕೊಳ್ಳುವುದು ನಮಗೆ ಹೊರಗಿನಿಂದ ಕಾಣುತ್ತದೆ. ಅವರ ಹೇಸಿಗೆಯೇ ಅವರ ಮೇಲಿನ ಸಾಕ್ಷಿಯಾಗುತ್ತದೆ. ಪರೀಕ್ಷೆ ನಡೆಯುತ್ತಿರುವುದು ಒಳಗಿನವರಿಗೆ. ಹಾಡಿಕೆ ನಡೆಯುವಾಗ ನಮ್ಮ ಕೇರಿಯ ಹೆಂಗಸರು ಹೆದರಿದ್ದನ್ನು ನಾನು ಕಂಡಿಲ್ಲ, ನಕ್ಕಿದ್ದನ್ನು ಕಂಡಿದ್ದೇನೆ, ಅತ್ತಿದ್ದನ್ನೂ ಕಂಡಿದ್ದೇನೆ. ದಲಿತ ಸೌಂದರ್ಯಮೀಮಾಂಸೆ ಎಂದರೇನು ಎಂದು ಸೆಮಿನಾರುಗಳಲ್ಲಿ ಕೇಳುವವರಿಗೆ ನಾನೀಗ ಕೊಡಬಹುದಾದ ಉತ್ತರ ಇಷ್ಟೇ: ಕತೆ ಹೇಳುವವನು ಬಾಗಿಲಿನ ಯಾವ ಕಡೆ ನಿಂತಿದ್ದಾನೆ ನೋಡಿ.

ಈ ಪರಂಪರೆಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಒಂದು ದಿನ ಪಂಕ್ತಿಸೇವೆ ಎಂದೇ ಹೆಸರು. ಸಿದ್ದಪ್ಪಾಜಿಯ ಒಕ್ಕಲು ಜಾತಿ ನೋಡದೆ ಸಾಲಾಗಿ ಕೂತು ಮಾಂಸದ ಊಟ ಮಾಡುತ್ತಾರೆ. ಪ್ರಾಣಿಬಲಿ ತಡೆಯುವ ಹೆಸರಿನಲ್ಲಿ ಆಡಳಿತ ನಿರ್ಬಂಧ ಹಾಕಿದಾಗ ಇದು ಬಲಿಯಲ್ಲ, ಪಂಕ್ತಿ ಎಂದು ಒಕ್ಕಲಿನವರು ವಾದಿಸಿದರು. ಅಲ್ಲಿ ಕಡೇ ಪಂಕ್ತಿ ಎಂಬುದಿಲ್ಲ. ಆ ಹುಡುಗನಿಗೆ ಇದನ್ನು ಹೇಳಬೇಕಿತ್ತು.

ಇಷ್ಟೆಲ್ಲ ಹೇಳಿದ ಮೇಲೂ ರೊಮೆರೊನ ಸಿನಿಮಾವನ್ನು ಕೈಬಿಡಲು ನನಗೆ ಮನಸ್ಸಿಲ್ಲ. ಅದರ ಕೊನೆಯ ಹತ್ತು ನಿಮಿಷ ಮನೆಯೊಳಗಿನವರ ಸಿನಿಮಾ ಅಲ್ಲವೇ ಅಲ್ಲ. ನೆಲಮಾಳಿಗೆಯೇ ಕ್ಷೇಮ ಎಂದು ಹಟ ಹಿಡಿದ ಕೂಪರ್‌ನನ್ನು ಅವನ ಮಗಳೇ ತಿನ್ನುತ್ತಾಳೆ. ರೋಗ ಹೊರಗಿನಿಂದ ಬರಬೇಕಾಗಿರಲಿಲ್ಲ, ಅವರು ಕಾಪಾಡಿಕೊಂಡ ಒಳಮನೆಯಲ್ಲೇ ಇತ್ತು. ಬೆನ್ ಅದೇ ನೆಲಮಾಳಿಗೆಯಲ್ಲಿ ರಾತ್ರಿ ಕಳೆಯುತ್ತಾನೆ. ಬೆಳಗಾಗುತ್ತದೆ. ಹಕ್ಕಿಗಳ ಸದ್ದು, ನಾಯಿ ಬೊಗಳುವ ಸದ್ದು. ಶೆರಿಫ್ ಮತ್ತು ಊರಿನ ಗಂಡಸರು ಬಂದೂಕು ಹಿಡಿದು ಸಾಲಾಗಿ ಹೊಲ ದಾಟಿ ಬರುತ್ತಾರೆ, ಬೇಟೆಗೆ ಬಂದವರ ಹಾಗೆ. ಬೆನ್ ಮೇಲೆ ಬಂದು ಕಿಟಕಿಯಲ್ಲಿ ಇಣುಕುತ್ತಾನೆ. ದೂರದಿಂದ ಒಬ್ಬ ಗುರಿಯಿಟ್ಟು ಹಣೆಗೆ ಹೊಡೆಯುತ್ತಾನೆ. ಬೆಂಕಿಗೆ ಇನ್ನೊಂದು ಸಿಕ್ಕಿತು ಎನ್ನುವ ಧಾಟಿಯಲ್ಲಿ ಶೆರಿಫ್ ಮಾತಾಡುತ್ತಾನೆ. ಆಮೇಲೆ ಚಲನಚಿತ್ರ ನಿಂತು ಸ್ಥಿರಚಿತ್ರಗಳು ಬರುತ್ತವೆ. ಪತ್ರಿಕೆಯಲ್ಲಿ ಅಚ್ಚಾದ ಮಾಸಲು ಫೋಟೋಗಳ ಹಾಗೆ. ಮಾಂಸದ ಕೊಕ್ಕೆ ಹಿಡಿದ ಕೈಗಳು, ಎಳೆದೊಯ್ಯುವ ದೇಹ, ಕಟ್ಟಿಗೆಯ ರಾಶಿ.

ಅವರು ತಪ್ಪಾಗಿ ತಿಳಿದು ಹೊಡೆದರು ಎಂದು ಎಲ್ಲ ಸಾರಾಂಶಗಳಲ್ಲೂ ಬರೆದಿರುತ್ತದೆ. ಯಾವ ತಪ್ಪು? ಅಷ್ಟು ದೂರದಿಂದ ಅವರಿಗೆ ಬದುಕಿದವನಿಗೂ ಹೆಣಕ್ಕೂ ವ್ಯತ್ಯಾಸ ಕಾಣಲಿಲ್ಲ. ಹತ್ತಿರ ಬಂದು ನೋಡುವ ಅಗತ್ಯವೂ ಕಾಣಲಿಲ್ಲ. ಬದುಕಿರುವವನನ್ನು ದೂರದಿಂದಲೇ ನೋಡಿ, ಹೆಣದಷ್ಟೇ ಮೈಲಿಗೆ ಎಂದು ತೀರ್ಮಾನಿಸುವ ಪದ್ಧತಿಗೆ ನಮ್ಮಲ್ಲಿ ಒಂದು ಹೆಸರಿದೆ. ಬೆನ್ ಬದುಕುಳಿಯುವ ಕೃತಕ ಅಂತ್ಯಕ್ಕಿಂತ ಅವನು ಸಾಯುವುದನ್ನೇ ತನ್ನ ಜನ ಒಪ್ಪುತ್ತಾರೆ ಎಂದು ರೊಮೆರೊಗೆ ತಾನೇ ಮನವರಿಕೆ ಮಾಡಿದ್ದಾಗಿ ಜೋನ್ಸ್ ಹೇಳಿದ್ದಾನೆ. ಸಿನಿಮಾದ ಪ್ರತಿಯನ್ನು ಕಾರಿನಲ್ಲಿಟ್ಟುಕೊಂಡು ನ್ಯೂಯಾರ್ಕಿಗೆ ಹೋಗುತ್ತಿದ್ದ ರಾತ್ರಿಯೇ, 1968ರ ಏಪ್ರಿಲ್ 4ರಂದು, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದೆವು ಎಂದು ರೊಮೆರೊ ಹೇಳುತ್ತಿದ್ದ.

ನಾವು ಕೇಳಿ ಬೆಳೆದ ಸುದ್ದಿಗಳು ಬೇರೆ. ನಮ್ಮ ಪಕ್ಕದ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೆ 1993ರ ಮಾರ್ಚಿಯಲ್ಲಿ ಮೂವರು ದಲಿತರ ಕೊಲೆಯಾಯಿತು. ನಾನಿನ್ನೂ ಹುಟ್ಟಿರಲಿಲ್ಲ. ಎರಡು ಕಡೆಯವರ ಬೀದಿಗಳನ್ನು ಸೇರಿಸುವ ರಸ್ತೆ ಅಲ್ಲಿಂದ ಮುಂದೆ ಮುಚ್ಚಿಯೇ ಇದ್ದು, ಮತ್ತೆ ತೆರೆದದ್ದು 2022ರ ಅಕ್ಟೋಬರಿನಲ್ಲಿ. 2000ದ ಮಾರ್ಚ್ 11ರ ರಾತ್ರಿ ಅಂದಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೇ ಜೀವಂತ ಸುಟ್ಟರು. ರಾತ್ರಿ, ಮನೆಯೊಳಗೆ ಅವಿತ ಜನ, ಹೊರಗೆ ಗುಂಪು. ರೊಮೆರೊನ ಹೆಣಗಳು ಬೆಂಕಿ ಕಂಡರೆ ಹಿಂಜರಿಯುತ್ತವೆ. ಕಂಬಾಲಪಲ್ಲಿಯ ಗುಂಪು ಬೆಂಕಿ ಹಿಡಿದೇ ಬಂದಿತ್ತು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಹಾಗಾದರೆ ಏಳು ಜನ ಸುಟ್ಟುಕೊಂಡು ಸತ್ತದ್ದು ಯಾರಿಂದ? ಪ್ರಾಯಶಃ ದೆವ್ವಗಳಿಂದ.

ಕ್ಲಾಸಿನಲ್ಲಿ ಈ ಕೊನೆಯ ಭಾಗ ನೋಡುವಷ್ಟರಲ್ಲಿ ಬೆಲ್ ಆಗಿತ್ತು, ಹುಡುಗರು ಎದ್ದು ಹೊರಟಿದ್ದರು. ಮುಂದಿನ ವಾರ ಅದನ್ನೊಂದೇ ಮತ್ತೆ ಹಾಕಿದೆ. ಆ ಹುಡುಗನ ಮಾತನ್ನು ಎತ್ತಿ, ಕಡೇ ಪಂಕ್ತಿಯಲ್ಲಿ ನಾನು ನಿಂತಿದ್ದೆ ಎಂದೆ. ಯಾರೂ ನಗಲಿಲ್ಲ, ಯಾರೂ ಮಾತೂ ಆಡಲಿಲ್ಲ. ಕ್ಲಾಸು ಬಿಟ್ಟ ಮೇಲೆ ಒಬ್ಬ ಹುಡುಗಿ ಮಾತ್ರ ಬಂದು, ಬೆನ್ ಯಾಕೆ ಕೂಗಲಿಲ್ಲ ಸಾರ್, ನಾನು ಬದುಕಿದ್ದೀನಿ ಅಂತ ಒಂದು ಮಾತು ಕೂಗಿದ್ದರೆ ಆಗ್ತಿತ್ತಲ್ಲ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಇದನ್ನು ಅವ್ವನಿಗೆ ಹೇಳಿದೆ. "ಕೂಗುದ್ರ ಬುಡ್ತಿದ್ರಾ?" ಅಂದಳು, ಅಕ್ಕಿ ಆರಿಸುತ್ತಲೇ.

ಚಿಕ್ಕಪ್ಪ ಅವತ್ತು ರಾತ್ರಿ ಕೊನೆಯವರೆಗೂ ಕೂತಿರಲಿಲ್ಲ. ಬೋಟಿಯ ದೃಶ್ಯ ಮುಗಿದು ಸ್ವಲ್ಪ ಹೊತ್ತಿಗೆ ಅವನ ಫೋನ್ ಬಂತು. ಊರಿನಲ್ಲಿ ಯಾರೋ ಹಿರಿಯರು ತೀರಿಕೊಂಡಿದ್ದರು, ಹೊತ್ತು ಹುಟ್ಟುವುದರೊಳಗೆ ಗುಂಡಿ ಆಗಬೇಕು. ಹಾರೆ, ಗುದ್ದಲಿ ತಗೊಂಡು ಹೋದ. ಬೆಳಿಗ್ಗೆ ಬಂದು ಕೈಕಾಲು ತೊಳೆಯುತ್ತಾ ಕೇಳಿದ:

"ಆ ಕರಿಯ ಹುಡ್ಗ ಉಳ್ಕಂಡ್ನಾ?"

"ಇಲ್ಲ ಚಿಕ್ಕಪ್ಪ. ರಾತ್ರಿಯೆಲ್ಲ ಉಳ್ಕೊಂಡಿದ್ದ. ಬೆಳಿಗ್ಗೆ ಪೊಲೀಸ್ನೋರು, ಊರ್ನೋರು ಬಂದು ಹೊಡುದ್ರು."

"ಬೆಳಿಗ್ಗೇನಾ?" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ಗುದ್ದಲಿಗೆ ಮೆತ್ತಿದ್ದ ಮಣ್ಣನ್ನು ಕಲ್ಲಿಗೆ ತಟ್ಟಿ ಉದುರಿಸತೊಡಗಿದ.